ಹೊತ್ತು ಮುಳುಗುವ ಮುನ್ನ ಒಂದು ಸೂಜಿ

ಒಬ್ಬರೇ ಬದುಕುವವರಿಗೆ ಧೈರ್ಯ ಜಾಸ್ತಿ ಎಂದು ಜನ ತಿಳಿದಿದ್ದಾರೆ. ನಿಜವೆಂದರೆ, ನಮ್ಮ ಹೆದರಿಕೆಯನ್ನು ನೋಡುವುದಕ್ಕೆ ಮನೆಯಲ್ಲಿ ಯಾರೂ ಇರುವುದಿಲ್ಲ, ಅಷ್ಟೇ. ಮದುವೆಯ ಗೊಡವೆಗೆ ಹೋಗದೆ ಬ್ಯಾಂಕಿನ ಕೌಂಟರಿನಲ್ಲೇ ಕೂದಲು ಹಣ್ಣಾದ ನಾನು, ಮಿರಜದ ಡಾಕ್ಟರು ಸೊಂಟದ ಕೀಲು ಬದಲಿಸಬೇಕೆಂದಾಗಲೂ ಅಂಜಲಿಲ್ಲ. ಅಂಜಿದ್ದು ಆಪರೇಷನ್ ಮುಗಿದು ಮನೆಗೆ ಕಳಿಸುವಾಗ ಅವರು ಕೈಗಿಟ್ಟ ಇಂಜೆಕ್ಷನ್ ಡಬ್ಬಿಗೆ. ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದನ್ನು ಹೊಟ್ಟೆಗೆ ಚುಚ್ಚಿಕೊಳ್ಳಬೇಕಂತೆ. ಬಲು ಸುಲಭ ಮಾವಶಿ, ಎಂದು ಮರಾಠಿಯಲ್ಲಿ ಚಿಕ್ಕಮ್ಮನ ವರಸೆ ಹಚ್ಚುತ್ತ ಅಲ್ಲಿಯ ನರ್ಸು ಹೊಕ್ಕುಳಿಂದ ಆಚೆ ಚರ್ಮವನ್ನು ಚಿವುಟಿ ಹಿಡಿಯುವುದನ್ನು ತೋರಿಸಿಕೊಟ್ಟಳು. ಚಿವುಟಲು ನನ್ನ ಹೊಟ್ಟೆಯಲ್ಲಿ ಸರಕಿಗೇನೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಧೈರ್ಯಕ್ಕೆ.

ವಿಶ್ರಾಮಬಾಗದ ನಮ್ಮ ಕಟ್ಟಡದ ಕೆಳಮನೆಯಲ್ಲಿ ಕಸ್ತೂರಿಬಾಯಿ ಇದ್ದಾರೆ. ನರ್ಸಾಗಿ ನಿವೃತ್ತರಾದವರು, ತವರು ಗಡಿಯ ಹಳ್ಳಿ ಮ್ಹೈಸಾಳ. ಮರಾಠಿಯೇ ತುಂಬಿದ ಇಡೀ ಕಟ್ಟಡದಲ್ಲಿ ನನ್ನೊಂದಿಗೆ ಕನ್ನಡ ಆಡುವವರು ಅವರೊಬ್ಬರೇ. ಆದರೂ ಇಷ್ಟು ವರ್ಷ ಮೆಟ್ಟಿಲ ಮೇಲೆ "ಆರಾಮ ಅದೀರಿ?" ಎನ್ನುವಷ್ಟೇ ನಂಟು. ಸುದ್ದಿ ಕೇಳಿ ತಾವೇ ಬಂದರು.

"ದಿನಾ ರಾತ್ರಿ ಊಟಾ ಆದಮ್ಯಾಲ ಬಂದು ಚುಚ್ಚಿ ಹೋಗ್ತೇನಿ. ಕಾಳಜಿ ಮಾಡಬ್ಯಾಡ್ರಿ, ಅಕ್ಕಾರ."

"ರಾತ್ರಿ ಬ್ಯಾಡ್ರಿ. ಜೈನರು ನಾವು. ಹೊತ್ತು ಮುಳುಗಿದ ಮ್ಯಾಲ ನೀರು ಸೈತ ಮುಟ್ಟಂಗಿಲ್ಲ."

"ಸೂಜಿ ಊಟ ಹೆಂಗ ಆಕೈತ್ರಿ?"

"ಬಾಯಿಲೆ ಹೋದ್ರೇನು, ಸೂಜೀಲೆ ಹೋದ್ರೇನು? ಒಳಗ ಹೋಗೂದ ಖರೇ ಅಲ್ಲರಿ?"

ಹೀಗೆ ಯಾವ ಶಾಸ್ತ್ರವೂ ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಬಸದಿಯಲ್ಲಿ ಯಾರನ್ನೂ ಕೇಳಲಿಲ್ಲ, ಏಕೆಂದರೆ ಕೇಳಿದರೆ ಸರಿಯಾದ ಉತ್ತರ ಸಿಕ್ಕಿಬಿಡುವ ಭಯ. ನನ್ನ ಲೆಕ್ಕಾಚಾರವೇ ಬೇರೆ. ಚುಚ್ಚಲು ಒಂದು ಗಳಿಗೆ ಸಾಕು, ಮನುಷ್ಯರನ್ನು ಕೂರಿಸಿಕೊಳ್ಳಲು ಚಹಾ ಬೇಕು. ಹೊತ್ತು ಮುಳುಗಿದರೆ ನಾನು ಚಹಾ ಕುಡಿಯುವಂತಿಲ್ಲ. ಬಂದವರು ತಾವೊಬ್ಬರೇ ಕುಡಿಯುತ್ತ ಎಷ್ಟು ಹೊತ್ತು ಕೂತಾರು? ಅದೂ ಅಲ್ಲದೆ ನನ್ನ ಎರಡೂ ಕೈ ವಾಕರಿನ ಮೇಲೆ. ಮಾಡಿದ ಚಹಾವನ್ನು ಅಡುಗೆಮನೆಯಿಂದ ಹೊರಗೆ ತರಲು ಮೂರನೆಯ ಕೈ ಬೇಕಾಗಿತ್ತು. ಬೆಳಿಗ್ಗೆ ಒಲೆಯ ಮುಂದೆ ನಿಂತೇ ಕುಡಿದು ಗೋಡೆ ನೋಡುತ್ತಿದ್ದೆ. ಸಂಜೆ ಮಾತ್ರ, ನನ್ನ ಮಾತಿಗೆ ಒಪ್ಪಿ ಹೊತ್ತಿರುವಾಗಲೇ ಬರತೊಡಗಿದ ಕಸ್ತೂರಿಬಾಯಿ ಎರಡು ಕಪ್ಪನ್ನೂ ಹೊರಗಿನ ಕೋಣೆಗೆ ತರುತ್ತಿದ್ದರು.

ಅವರ ಕೈಯೇನೂ ಹಗುರವಲ್ಲ. ನನ್ನ ಹೊಟ್ಟೆ ಕೃಷ್ಣೆಯ ದಂಡೆಯ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಇಂಜೆಕ್ಷನ್‌ಗೆ ಅದು ಇದ್ದದ್ದೇ ಎಂದು ಅವರು ತಮ್ಮನ್ನು ತಾವೇ ಕ್ಷಮಿಸಿಕೊಂಡರು. ಆಮೇಲೆ ಮಾತು. ಮ್ಹೈಸಾಳದ ತಮ್ಮಂದಿರ ಕಬ್ಬಿನ ಜಗಳ, ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಎದುರುತ್ತರ ಕೊಡುವ ಮೊಮ್ಮಗಳು. ಅವರು ಎದ್ದು ಹೋದ ಮೇಲೆ ಆ ಖಾಲಿ ಕಪ್ಪುಗಳನ್ನು ನೋಡುತ್ತ ಕೂರುತ್ತಿದ್ದೆ. ಎಷ್ಟೋ ವರ್ಷ ಒಬ್ಬಳೇ ಇದ್ದರೂ ಒಂಟಿ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತಿತ್ತು, ಅದೂ ಅವರು ಬಂದು ಹೋದ ಮೇಲೆಯೇ.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಸಿಹಿಸುದ್ದಿ ಹೇಳುವವರಂತೆ ನಕ್ಕು, ಇಂಜೆಕ್ಷನ್ ನಿಲ್ಲಿಸಿ ಗುಳಿಗೆ ಬರೆದುಕೊಟ್ಟರು. ಬೇರೆಯವರಾಗಿದ್ದರೆ ಪೇಢೆ ಹಂಚುತ್ತಿದ್ದರು. ನಾನು ಮಿರಜದಿಂದ ರಿಕ್ಷಾದಲ್ಲಿ ಮುಖ ಊದಿಸಿಕೊಂಡು ಬಂದೆ.

ಸಂಜೆ ಕಸ್ತೂರಿಬಾಯಿ ಗುಳಿಗೆಯ ಪಾಕೀಟನ್ನು ತಿರುಗಿಸಿ ನೋಡಿದರು. "ಚಲೋ ಆತು ಬಿಡ್ರಿ. ನಾಳಿಂದ ನನ್ನ ಕಾಟ ಇಲ್ಲ ನಿಮಗ." ಅವತ್ತು ಚಹಾ ಬೇಗ ಮುಗಿಯಿತು. ಅವರು ಬಾಗಿಲ ತನಕ ಹೋದರು. ಕೌಂಟರಿನಲ್ಲಿ ಎಂಥೆಂಥ ಜಗಳಗಂಟರಿಗೂ ಬಾಯಿ ಕೊಟ್ಟವಳು ನಾನು. ಸುಮ್ಮನೆ ಬರ್ರಿ, ನೀವು ಬಂದರೆ ನನಗೆ ಹಿತವಾಗುತ್ತದೆ ಎನ್ನಲು ಮಾತ್ರ ನಾಲಿಗೆ ಏಳಲಿಲ್ಲ.

"ಕಸ್ತೂರಿಬಾಯಿ," ಎಂದೆ. "ಗುಳಿಗಿ ದೊಡ್ಡದ ಐತ್ರಿ. ನುಂಗುವಾಗ ಗಂಟಲಾಗ ಸಿಕ್ಕೊಂಡ್ರ, ಮನ್ಯಾಗ ಯಾರೂ ಇಲ್ಲ."

ಅವರು ವಾಪಸು ಬಂದರು. ಒಂದು ಗುಳಿಗೆ ಬಿಡಿಸಿ ಅಂಗೈಯಲ್ಲಿಟ್ಟು ನೋಡಿದರು. ತೊಗರಿಬೇಳೆಯಷ್ಟಿತ್ತು.

"ಹೌದರಿ, ದೊಡ್ಡದ ಐತಿ," ಎಂದರು, ಮುಖದಲ್ಲಿ ನಗೆಯ ಸುಳಿವಿಲ್ಲದೆ. "ನಾ ಬರೂತನಾ ನುಂಗಬ್ಯಾಡ್ರಿ. ಹೊತ್ತು ಮುಳುಗೂದ್ರಾಗ ಬರ್ತೇನಿ."

ಮರುದಿನ ಅವರ ಎದುರಿಗೆ ಅದನ್ನು ನುಂಗಿದೆ. ಸಲೀಸಾಗಿ ಇಳಿಯಿತು. ಆದರೂ ಇರಲಿ ಎಂದು ಎರಡು ಸಲ ಕೆಮ್ಮಿದೆ.