ಕೂತು ಕುಡಿಯುವ ಕಾಫಿ

ಕ್ಯಾಂಟೀನ್ ಮಾಮನಿಗೆ ಪರದೇಶ ನೋಡುವ ಆಸೆಯೇನೂ ಇರಲಿಲ್ಲ. ಇದ್ದದ್ದು ಒಂದೇ ಆಸೆ. ಬೇರೆ ಯಾರಾದರೂ ಮಾಡಿಕೊಟ್ಟ ಒಳ್ಳೆಯ ಕಾಫಿಯನ್ನು, ಕಾಲಮೇಲೆ ಕಾಲು ಹಾಕಿಕೊಂಡು, ಕೂತು ಕುಡಿಯಬೇಕು. ಅಷ್ಟೇ.

ಇದೇನು ದೊಡ್ಡ ಆಸೆಯೇ ಎಂದು ನಗಬೇಡಿ. ಮೂವತ್ತೆರಡು ವರ್ಷ ಆಫೀಸಿನ ಕ್ಯಾಂಟೀನಿನಲ್ಲಿ ದಿನಕ್ಕೆರಡು ಹೊತ್ತು ಅರವತ್ತು ಜನಕ್ಕೆ ಕಾಫಿ ಮಾಡಿದ ಮನುಷ್ಯ ಅವರು. ಅವರ ಪಾಲಿಗೆ ಉಳಿಯುತ್ತಿದ್ದದ್ದು ಪಾತ್ರೆಯ ತಳದ ಎರಡು ಗುಟುಕು, ಅದನ್ನೂ ನಿಂತೇ ಕುಡಿಯಬೇಕು. ಮನೆಗೆ ಹೋದರೆ ಹೆಂಡತಿ, "ಅಷ್ಟು ಜನಕ್ಕೆ ಮಾಡ್ತೀರಂತೆ, ನನಗೊಂದು ಲೋಟ ಭಾರವಾಯ್ತಾ?" ಎಂದು ಅಲ್ಲೂ ಒಲೆ ಹಚ್ಚಿಸುತ್ತಿದ್ದರು.

ಹಾಗಾಗಿ ನಿವೃತ್ತಿಯ ದಿನ ಆಫೀಸಿನವರು ಹಾರ ಹಾಕಿ, "ಮಾಮ, ನಮ್ಮ ಜೊತೆ ಟೂರಿಗೆ ಬನ್ನಿ. ಐದು ದಿನ ನೀವು ಒಲೆ ಮುಟ್ಟೋ ಹಾಗಿಲ್ಲ" ಎಂದಾಗ ಮಾಮನ ಕಣ್ಣು ಒದ್ದೆಯಾಯಿತು.

ವಿಮಾನದಲ್ಲೇ ಮೊದಲ ಎಡವಟ್ಟು. ಗಗನಸಖಿ ಕೈಗೊಂದು ಕಾಫಿ ಕೊಟ್ಟಳು. ಕೈಗೆ ಬಂದ ಲೋಟವನ್ನು ಮುಂದಿನವರಿಗೆ ದಾಟಿಸಿ ಅಭ್ಯಾಸ, ಮಾಮ ಅದನ್ನು ಪಕ್ಕದವರಿಗೆ ಕೊಟ್ಟುಬಿಟ್ಟರು. ಇನ್ನೊಂದು ಕೊಟ್ಟಳು, ಹಿಂದಿನ ಸೀಟಿಗೆ ಹೋಯಿತು. ಮೂರನೆಯ ಸಲ ಅವಳು ಇವರ ಕೈಗೆ ಇಡೀ ತಟ್ಟೆಯನ್ನೇ ಕೊಟ್ಟು ಮುಂದೆ ಹೋದಳು.

"ಮಾಮ, ನೀವು ರಿಟೈರ್ ಆಗಿದ್ದೀರಿ. ಕೈಗೆ ಸ್ವಲ್ಪ ಹೇಳಿ" ಎಂದರು ಟೈಪಿಸ್ಟ್ ಅಕ್ಕ.

"ಹೇಳ್ತೀನಮ್ಮ. ಅದು ಕೇಳಬೇಕಲ್ಲ."

ಕೈಗಿಂತ ಹಠಮಾರಿ ಇನ್ನೊಂದಿತ್ತು, ಕಿವಿ. ಟೂರಿಗೆ ಜೊತೆಗೇ ಬಂದಿದ್ದ ಮ್ಯಾನೇಜರು ಆಫೀಸಿನಲ್ಲಿ ಎಂದೂ ಬಾಯಿಬಿಟ್ಟು ಕಾಫಿ ಕೇಳಿದವರೇ ಅಲ್ಲ. ಗುಮಾಸ್ತರಾಗಿ ಸೇರಿದ ದಿನದಿಂದ ಒಂದೇ ಪದ್ಧತಿ: ಒಂದು ಸಲ ಸಣ್ಣಗೆ ಗಂಟಲು ಸರಿಮಾಡಿಕೊಳ್ಳುವುದು. ಅದು ಕೇಳಿದರೆ ಮಾಮ ಎಲ್ಲಿದ್ದರೂ ಲೋಟ ಅವರ ಮುಂದೆ ಹಾಜರು. ಕುಡಿದ ಮೇಲೆ ಅವರು ಹೇಳುತ್ತಿದ್ದದ್ದೂ ಒಂದೇ ಮಾತು, "ಹೂಂ. ನಾಳೆ ಸ್ವಲ್ಪ ಸರಿಯಾಗಿ ಮಾಡಿ." ಆ ನಾಳೆ ಮೂವತ್ತೆರಡು ವರ್ಷ ಬರಲೇ ಇಲ್ಲ.

ಪರದೇಶದಲ್ಲಿ ನಾಲ್ಕು ದಿನ ಕಳೆದವು. ಹೋಟೆಲಿನ ಮೆಷಿನ್ ಕೊಡುತ್ತಿದ್ದದ್ದನ್ನು ಕಾಫಿ ಎಂದು ಕರೆಯಲು ಮಾಮನ ನಾಲಿಗೆ ಒಪ್ಪಲಿಲ್ಲ. ಐದನೆಯ ದಿನ, ಅಂದರೆ ಕೊನೆಯ ದಿನ, ಸಾಮಾನೆಲ್ಲ ಬಸ್ಸಿಗೆ ಏರಿತು. ನಾಲ್ಕು ಗಂಟೆಗೆ ವಿಮಾನ ನಿಲ್ದಾಣಕ್ಕೆ ಹೊರಡಬೇಕು. ಮಾಮ ಜಗಲಿಯ ಮೇಲೆ ಮುಖ ಸಪ್ಪೆ ಮಾಡಿಕೊಂಡು ಕೂತದ್ದು ಹೆಡ್ ಕ್ಲಾರ್ಕರ ಕಣ್ಣಿಗೆ ಬಿತ್ತು. ಕಷ್ಟ ಶುರುವಾದದ್ದೇ ಅಲ್ಲಿಂದ.

ಹೆಡ್ ಕ್ಲಾರ್ಕರು ಹಿಂದೊಮ್ಮೆ ಪರದೇಶಕ್ಕೆ ಬಂದವರು. ಆದ್ದರಿಂದ ಅವರಿಗೆ ಎಲ್ಲ ಗೊತ್ತು. "ಒಂದ್ ಲೋಟ ಕಾಫಿಗೆ ಮುಖ ಬಾಡಿಸ್ಕೊಂಡ್ರಾ? ಬನ್ನಿ ನನ್ ಜೊತೆ" ಎಂದು ಎಬ್ಬಿಸಿದರು. ಟೈಪಿಸ್ಟ್ ಅಕ್ಕನೂ ಹೊರಟರು, ಇಬ್ಬರೂ ದಾರಿ ತಪ್ಪಿದರೆ ಕರೆದುಕೊಂಡು ಬರಲು ಒಬ್ಬರು ಬೇಕಲ್ಲ.

ಮೊದಲ ಅಂಗಡಿಯಲ್ಲಿ ಹೆಡ್ ಕ್ಲಾರ್ಕರು ಗೋಡೆಯ ಪಟ್ಟಿಗೆ ಬೆರಳು ತೋರಿಸಿದರು. ಹೆಬ್ಬೆರಳಿನಷ್ಟು ಬಟ್ಟಲಲ್ಲಿ ಕರ್ರಗೆ ಏನೋ ಬಂತು.

"ಇದು ಕುಡಿಯೋಕಾ, ಕಣ್ಣಿಗೆ ಬಿಟ್ಕೊಳ್ಳೋಕಾ?" ಮಾಮ ಕೇಳಿದರು.

"ಇಲ್ಲಿಯವರು ಹೀಗೇ ಕುಡಿಯೋದು."

ಮಾಮ ನಾಲಿಗೆಗೆ ತಾಗಿಸಿದರು. ಬಾಲ್ಯದಲ್ಲಿ ಜ್ವರಕ್ಕೆ ಕುಡಿಸಿದ ಕಷಾಯಗಳೆಲ್ಲ ಒಟ್ಟಿಗೆ ನೆನಪಾದವು.

ಎರಡನೆಯ ಅಂಗಡಿಯಲ್ಲಿ ಹೆಡ್ ಕ್ಲಾರ್ಕರು ಜಾಣತನ ಮಾಡಿ ಎಲ್ಲಕ್ಕಿಂತ ದೊಡ್ಡದನ್ನು ಹೇಳಿದರು. ಚೊಂಬಿನಷ್ಟು ಲೋಟ ಬಂತು. ಮೇಲೆ ನೊರೆ, ನೊರೆಯ ಮೇಲೆ ಸಕ್ಕರೆ ಪಾಕ, ಒಳಗೆ ಐಸಿನ ತುಂಡುಗಳು. ಕಾಫಿ ಎಲ್ಲಿದೆ ಎಂದು ಮಾಮ ಬಗ್ಗಿ ನೋಡಿ, "ಬೇಡ ಮಾರಾಯರೇ" ಎಂದರು.

"ಒಂದ್ ಗುಟುಕು ನೋಡಿ ಅಂದ್ರೆ."

"ಬೇಡ ಅಂದ್ನಲ್ಲ."

ಒತ್ತಾಯದಲ್ಲಿ ಒಬ್ಬರು ಮುಂದೆ ತಳ್ಳಿ, ಇನ್ನೊಬ್ಬರು ಹಿಂದೆ ತಳ್ಳಿ, ಇಡೀ ಚೊಂಬು ಮಾಮನ ಬಿಳಿ ಅಂಗಿಯ ಮೇಲೆ ಇಳಿಯಿತು. ಬೇರೆ ಅಂಗಿಗಳೆಲ್ಲ ಬಸ್ಸಿನ ಹೊಟ್ಟೆಯಲ್ಲಿ, ಪೆಟ್ಟಿಗೆಗಳ ಅಡಿಯಲ್ಲಿದ್ದವು. ಗಂಟೆ ಮೂರು ದಾಟಿತ್ತು.

"ನಿಮಗೆಲ್ಲ ಗೊತ್ತು ಅಂತ ಬಂದೆವು ನೋಡಿ" ಎಂದು ಅಕ್ಕ ಹೆಡ್ ಕ್ಲಾರ್ಕರನ್ನು ಬಸ್ಸಿಗೆ ಅಟ್ಟಿ, ಮಾಮನನ್ನು ಹೋಟೆಲಿನ ಎದುರಿಗಿದ್ದ ಲಾಂಡ್ರಿಗೆ ಕರೆದುಕೊಂಡು ಹೋದರು.

ಲಾಂಡ್ರಿಯ ಅಜ್ಜಿಗೆ ಇವರ ಮಾತು ಬಾರದು, ಇವರಿಗೆ ಅವಳದು ಬಾರದು. ಅಂಗಿಯ ಕಲೆಗೆ ಮಾತು ಬೇಕಿರಲಿಲ್ಲ. ಅಜ್ಜಿ ಅಂಗಿ ಬಿಚ್ಚಿಸಿ ನೀರಿಗೆ ಹಾಕಿದಳು. ಬನಿಯನ್ನಿನಲ್ಲಿ ಕುಗ್ಗಿ ನಿಂತ ಮಾಮನಿಗೊಂದು ಟವೆಲು ಹೊದಿಸಿ ಕುರ್ಚಿ ತೋರಿಸಿದಳು. ಕಲೆಯನ್ನು ಮೂಸಿ ಮುಖ ಸಿಂಡರಿಸಿದಳು. ಆಮೇಲೆ ಡಬ್ಬಿಯೊಂದನ್ನು ತೆಗೆದು, ಉಳಿದಿದ್ದ ಕಾಫಿ ಬೀಜವನ್ನೆಲ್ಲ ಕೈಗಿರಣಿಗೆ ಸುರಿದು ತಿರುಗಿಸತೊಡಗಿದಳು.

ಮಾಮನ ಮೂಗು ಅರಳಿತು. ಅಜ್ಜಿ ಬಟ್ಟೆಯಲ್ಲಿ ಸೋಸಿದಳು, ಹಾಲನ್ನು ಉಕ್ಕುವ ಮೊದಲೇ ಇಳಿಸಿದಳು, ಅವಸರವೇ ಇಲ್ಲ. ಸಹಾಯಕ್ಕೆಂದು ಎದ್ದ ಮಾಮನ ಭುಜ ಒತ್ತಿ ಕೂರಿಸಿದಳು. ಮಾಮನಿಗೆ ಅಳುವೇ ಬಂತು. ಅವರ ಆಯುಷ್ಯದಲ್ಲಿ ಯಾರೂ ಅವರನ್ನು ಹೀಗೆ ಕೂರಿಸಿರಲಿಲ್ಲ.

"ನಾಲ್ಕು ದಿನದಿಂದ ಎದುರಿಗೇ ಇತ್ತಲ್ಲ ಮಾಮ" ಎಂದರು ಅಕ್ಕ.

"ಇರಲಿ ಬಿಡಮ್ಮ. ಸಿಕ್ತಲ್ಲ."

ಒಂದೇ ಲೋಟದಷ್ಟಾಯಿತು. ಅಜ್ಜಿ ಅದನ್ನು ಮಾಮನ ಕೈಗಿಟ್ಟಳು. ಮಾಮ ಕಾಲಮೇಲೆ ಕಾಲು ಹಾಕಿದರು. ಟವೆಲು ಸರಿಮಾಡಿಕೊಂಡರು. ಕಣ್ಣು ಮುಚ್ಚಿ ಒಮ್ಮೆ ವಾಸನೆ ಎಳೆದು, ಲೋಟವನ್ನು ತುಟಿಯ ಹತ್ತಿರ ತಂದರು.

ನಾಲ್ಕಾದರೂ ಇಬ್ಬರು ಬರಲಿಲ್ಲವೆಂದು ಬಯ್ಯಲು ರಸ್ತೆ ದಾಟಿ ಬಂದ ಮ್ಯಾನೇಜರು, ಬಾಗಿಲಲ್ಲಿ ನಿಂತು, ಬಯ್ಯುವ ಮುಂಚೆ ಒಂದು ಸಲ ಸಣ್ಣಗೆ ಗಂಟಲು ಸರಿಮಾಡಿಕೊಂಡರು.

ಮಾಮನ ಕಾಲು ಕೆಳಗಿಳಿಯಿತು. ಮೈ ಎದ್ದಿತು. ಕೈ ಮುಂದೆ ಚಾಚಿತು. ಏನಾಯಿತೆಂದು ಮಾಮನಿಗೆ ತಿಳಿಯುವಷ್ಟರಲ್ಲಿ ಲೋಟ ಮ್ಯಾನೇಜರ ಕೈಯಲ್ಲಿತ್ತು. ಅವರಿಗೂ ಮೂವತ್ತೆರಡು ವರ್ಷದ ಅಭ್ಯಾಸ, ಲೋಟದ ಕಡೆ ನೋಡಲೂ ಇಲ್ಲ. ಗಡಿಯಾರ ನೋಡುತ್ತಾ ನಿಂತಲ್ಲೇ ಕುಡಿದರು.

"ಸಾರ್, ಅದು..." ಎಂದರು ಅಕ್ಕ. ಅಜ್ಜಿ ಖಾಲಿ ಡಬ್ಬಿಯನ್ನು ಬೋರಲು ಹಾಕಿ ತೋರಿಸಿದಳು.

ಮ್ಯಾನೇಜರು ಲೋಟವನ್ನು ಮಾಮನ ಕೈಗೆ ವಾಪಸು ಕೊಟ್ಟರು. ಬಯ್ಯಬೇಕೆಂದಿದ್ದದ್ದು ಮರೆತೇಹೋಗಿತ್ತು. "ಪರವಾಗಿಲ್ವೇ" ಎಂದರು, "ರಿಟೈರ್ ಆದ್ಮೇಲಾದ್ರೂ ನಿಮಗೆ ಕಾಫಿ ಕೈ ಕುದುರಿತಲ್ಲ. ಬೇಗ ಬನ್ನಿ."

ಮಾಮ ಲೋಟ ತೊಳೆದು ಬೋರಲಿಟ್ಟರು. ಅರ್ಧ ಒಣಗಿದ ಅಂಗಿ ತೊಟ್ಟು, ಅಜ್ಜಿಗೆ ಕೈಮುಗಿದು ಬಸ್ಸು ಹತ್ತಿದರು. ಮೊದಲೇ ಹತ್ತಿದ್ದ ಅಕ್ಕ ಹೇಳತೊಡಗಿದ್ದ ವಿಷಯ ಆಗಲೇ ಬಸ್ಸಿನ ತುಂಬ ಹಬ್ಬಿತ್ತು, ಅದೂ ಅರ್ಧ ಮಾತ್ರ.

"ಲಾಂಡ್ರಿಯಲ್ಲಿ ಫಸ್ಟ್ ಕ್ಲಾಸ್ ಕಾಫಿ ಸಿಕ್ತಂತಲ್ಲ ಮಾಮ" ಎಂದರು ಹೆಡ್ ಕ್ಲಾರ್ಕರು, "ಹೇಗಿತ್ತು?"

ಮಾಮ ಕಿಟಕಿಯ ಹೊರಗೆ ನೋಡಿದರು.

"ಚೆನ್ನಾಗಿತ್ತಂತೆ" ಎಂದರು.