ಲಾಂಡ್ರಿಯವರ ಪಾಪರ್ ಚೀಟಿ

ನೀರಿನ ಬಿಲ್ಲು ಕಳೆದುಹೋಗದೇ ಇದ್ದಿದ್ದರೆ ಲಾಂಡ್ರಿಯವರು ಆ ದಿನ ಸಂಜೆಯೊಳಗೆ ಸುಖವಾಗಿ ದಿವಾಳಿಯಾಗಿರುತ್ತಿದ್ದರು.

ದಿವಾಳಿಯಾಗುವುದಕ್ಕೂ ಇಷ್ಟು ಓಡಾಟ ಬೇಕು ಎನ್ನುವುದು ಅವರಿಗೆ ವಕೀಲರ ಬಳಿ ಹೋದ ಮೇಲೇ ತಿಳಿದದ್ದು. ಬ್ಯಾಂಕಿನ ಸಾಲದಲ್ಲಿ ಎರಡು ದೊಡ್ಡ ಒಗೆಯುವ ಮೆಷಿನ್ ತಂದು ಅಂಗಡಿಯಲ್ಲಿ ನಿಲ್ಲಿಸಿದ ವರ್ಷವೇ ಮನೆಮನೆಗೂ ಸಣ್ಣ ಮೆಷಿನ್ ಬಂದುಬಿಟ್ಟಿತ್ತು. ಅಂಗಡಿಗೆ ಉಳಿದದ್ದು ಬರೀ ಇಸ್ತ್ರಿ. ಐದು ತಿಂಗಳಿಂದ ಕಂತು ಕಟ್ಟಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಬ್ಯಾಂಕಿನವರು ಮನೆಗೇ ಬಂದು ಸಾಮಾನು ಪಟ್ಟಿ ಮಾಡುವವರಿದ್ದರು. ಅಷ್ಟರೊಳಗೆ ಪಾಪರ್ ಚೀಟಿಗೆ ಅರ್ಜಿ ಹಾಕಿದರೆ ಅವರನ್ನು ತಡೆಯಬಹುದು, ಆದರೆ ಅರ್ಜಿಯ ಜೊತೆ ಮನೆಯ ತಿಂಗಳ ಆದಾಯ ಖರ್ಚಿನ ವಿವರ ಬೇಕು, ಸಂಜೆ ಆರಕ್ಕೆ ತನ್ನಿ ಎಂದಿದ್ದರು ವಕೀಲರು. ಒಂದೇ ಸಲಕ್ಕೆ ಯಾರ ಲೆಕ್ಕವೂ ಸರಿಹೋಗುವುದಿಲ್ಲ ಎಂದು ಅಚ್ಚು ಹಾಕಿದ ಖಾಲಿ ಹಾಳೆಗಳನ್ನು ಒಂದು ಡಜನ್ ಕೊಟ್ಟು ಕಳಿಸಿದ್ದರು.

ಲಾಂಡ್ರಿಯವರು ಅಂಗಡಿ ಮುಚ್ಚಿ, ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಪೆನ್ನಿನ ತುದಿ ಕಚ್ಚುತ್ತಾ ಕೂತರು. ಮೊದಲನೆಯ ಸಾಲೇ ನೀರು. ಬಿಲ್ಲು ಎಲ್ಲೂ ಇರಲಿಲ್ಲ. ಹೆಂಡತಿ ಬೀರು ಹುಡುಕಿದರು, ಹಾಸಿಗೆ ಎತ್ತಿದರು, ಕೊನೆಗೆ ಬಾಲ್ಕನಿಯಿಂದ ಬಗ್ಗಿ ಕೆಳಗಿನ ಮನೆಯ ಆಡಿಟರನ್ನೇ ಕೇಳಿಬಿಟ್ಟರು, ಹೋದ ತಿಂಗಳು ನಿಮಗೆ ನೀರಿನ ಬಿಲ್ಲು ಎಷ್ಟು ಬಂದಿತ್ತು ಅಂತ.

ಆಡಿಟರು ನಿವೃತ್ತರಾಗಿ ಎಂಟು ವರ್ಷವಾಗಿತ್ತು. ಈ ಎಂಟು ವರ್ಷದಲ್ಲಿ ಯಾರೂ ಅವರನ್ನು ಒಂದು ಅಂಕಿ ಕೇಳಿರಲಿಲ್ಲ. ಎರಡೇ ನಿಮಿಷದಲ್ಲಿ ಅವರು ಕನ್ನಡಕ, ಬಿಲ್ಲಿನ ಫೈಲು, ಕ್ಯಾಲ್ಕುಲೇಟರು ಹಿಡಿದು ಮೇಲೆ ಬಂದು, ಕರೆಯದೆಯೇ ಕುರ್ಚಿ ಎಳೆದುಕೊಂಡರು.

"ಇದೇನು ಹಾಳೆ?" ಎಂದರು.

ಪಾಪರ್ ಎನ್ನುವ ಮಾತು ಬಾಯಿಗೆ ಬರಲಿಲ್ಲ. "ಸರ್ವೆ ಸರ್," ಎಂದುಬಿಟ್ಟರು ಲಾಂಡ್ರಿಯವರು. "ಮನೆಮನೆ ಖರ್ಚಿಂದು. ನನಗೆ ಒಪ್ಪಿಸಿದ್ದಾರೆ."

ಹೆಂಡತಿ ಅಡುಗೆಮನೆಯಿಂದ ಇಣುಕಿ ಗಂಡನನ್ನು ಒಂದು ಸಲ ನೋಡಿ ಒಳಗೆ ಹೋದರು. ಆ ನೋಟದ ಅರ್ಥ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಲಾಂಡ್ರಿಯವರಿಗೆ ಬಾಯಿಪಾಠವಾಗಿತ್ತು.

ಸರ್ವೆ ಎಂದ ಮೇಲೆ ಹಿಂದೆಯೇ ಏನೋ ಸೌಲಭ್ಯ ಬರುತ್ತದೆ ಎಂದು ಆಡಿಟರು ತೀರ್ಮಾನಿಸಿದರು. ಬರೆಸಿದವರಿಗೆ ಸಿಗುತ್ತದೆ, ಬರೆಸದವರಿಗೆ ಇಲ್ಲ. ಮೊದಲು ತಮ್ಮದನ್ನು ಬರೆಯಿರಿ ಎಂದು ಕೂತರು. ಅದು ಮುಗಿಯುವ ಹೊತ್ತಿಗೆ ಮೂರನೇ ಮಹಡಿಯ ಟೀಚರಮ್ಮ ಬಾಗಿಲಲ್ಲಿದ್ದರು. ಅವರ ಹಿಂದೆ ಮೆಟ್ಟಿಲ ಮೇಲೆ ಇಡೀ ಕಟ್ಟಡವೇ ರೇಷನ್ ಅಂಗಡಿಯ ಮುಂದಿನ ಸಾಲಿನ ಹಾಗೆ ನಿಂತಿತ್ತು. ಹನ್ನೊಂದು ಮನೆಯ ಆ ಕಟ್ಟಡದಲ್ಲಿ ಲಾಂಡ್ರಿಯವರದನ್ನು ಬಿಟ್ಟು ಹತ್ತೂ ಮನೆಯವರು ಬಂದಿದ್ದರು. ಒಬ್ಬರು ತಮಗೆ ಬೇಗ ಹೋಗಬೇಕು ಎಂದರು. ಇನ್ನೊಬ್ಬರು ನಾಯಿಯ ಬಿಸ್ಕತ್ತು ಆಹಾರದ ಕೆಳಗೆ ಬರುತ್ತದೋ ಔಷಧದ ಕೆಳಗೋ ಎಂದು ಕೇಳಿದರು. ಆಡಿಟರು ಪಕ್ಕದಲ್ಲೇ ನಿಂತು ಅವರವರು ಬಾಯಲ್ಲಿ ಹೇಳಿದ ಪ್ರತಿ ಅಂಕಿಯನ್ನೂ ಕೂಡಿ ಕಳೆದು, ಹೇರ್ ಡೈ ಖರ್ಚು ಮುಚ್ಚಿಟ್ಟ ಟೀಚರಮ್ಮನ ಮುಂದೆ ಗಂಟಲು ಸರಿಪಡಿಸಿಕೊಂಡರು.

ಲಾಂಡ್ರಿಯವರಿಗೆ ಕೈ ಸೋತದ್ದಕ್ಕಿಂತ ಹೊಟ್ಟೆ ಉರಿದದ್ದೇ ಹೆಚ್ಚು. ಹಾಳೆಯ ಕೊನೆಯಲ್ಲಿ 'ಕೊಡಬೇಕಾದ ಬಾಕಿ' ಎಂಬ ಕಲಮು ಇತ್ತು. ಒಬ್ಬೊಬ್ಬರೂ ಸ್ಕೂಲ್ ಫೀಸು ಬರೆಸಿದರು, ಫ್ರಿಜ್ಜಿನ ಕಂತು ಬರೆಸಿದರು, ಭಾವಮೈದನ ಕೈಗಡ ಬರೆಸಿದರು. ಲಾಂಡ್ರಿಯ ಬಾಕಿಯನ್ನು ಮಾತ್ರ ಒಬ್ಬರೂ ಎತ್ತಲಿಲ್ಲ. ಆಡಿಟರ ಕಾಲರು ಬೆರಳು ಕುಯ್ಯುವಷ್ಟು ಗರಿಗರಿಯಾಗಿತ್ತು. ಆ ಗರಿಗೆ ಏಳು ತಿಂಗಳಿಂದ ದುಡ್ಡು ಬಂದಿರಲಿಲ್ಲ.

"ಯಾರಿಗೂ ಒಂದು ಪೈಸೆ ಬಾಕಿ ಇಟ್ಟೋನಲ್ಲ ನಾನು. ಹಾಗೇ ಬರ್ಕೊಳ್ಳಿ," ಎಂದಿದ್ದರು ಆಡಿಟರು.

ಎದುರಿಗೆ ಕೂತವರನ್ನು ಕೇಳುವ ಧೈರ್ಯವಿದ್ದಿದ್ದರೆ ಲಾಂಡ್ರಿಯವರಿಗೆ ಈ ಗತಿ ಯಾಕೆ ಬರುತ್ತಿತ್ತು. ಆದರೆ ಪೆನ್ನಿಗೆ ಧೈರ್ಯ ಬಂತು. ಪ್ರತಿ ಹಾಳೆಯ ಬಾಕಿಯ ಕಲಮಿನಲ್ಲೂ ತಮ್ಮ ಉದ್ದರಿ ಪುಸ್ತಕದ ಮೊತ್ತವನ್ನು ನೆನಪಿನಿಂದಲೇ ಬರೆಯುತ್ತಾ ಹೋದರು. ಸಹಿ ಇಲ್ಲದ ಕಾಗದ ಕಾಗದವೇ ಅಲ್ಲ ಎಂದು ಆಡಿಟರು ಎಲ್ಲರಿಂದಲೂ ಸಹಿ ಹಾಕಿಸಿದರು, ತಾವೂ ಹಾಕಿದರು. ಓದಿದವರು ಒಬ್ಬರೂ ಇಲ್ಲ.

ಸಾಲು ಕರಗಿದಾಗ ಐದೂವರೆ. ಲಾಂಡ್ರಿಯವರ ಸ್ವಂತ ಹಾಳೆಯಲ್ಲಿ ಇನ್ನೂ ನೀರಿನ ಬಿಲ್ಲಿನ ಮೊತ್ತ ಒಂದೇ ಇತ್ತು.

"ನಮ್ದು ಯಾವಾಗ ಬರೀತೀರಿ?" ಹೆಂಡತಿ ಕೇಳಿದರು.

"ದಾರೀಲಿ ಬರ್ಕೊತೀನಿ," ಎಂದು ಇಡೀ ಕಟ್ಟನ್ನೇ ಬಗಲಿಗೆ ಸಿಕ್ಕಿಸಿಕೊಂಡು ಓಡಿದರು. ಬಸ್ಸಿನಲ್ಲಿ ನಿಲ್ಲುವುದಕ್ಕೇ ಜಾಗವಿರಲಿಲ್ಲ, ಬರೆಯುವುದೆಲ್ಲಿ ಬಂತು.

ವಕೀಲರು ಕಟ್ಟು ಬಿಚ್ಚಿ ಒಂದೊಂದೇ ಹಾಳೆ ತಿರುವಿದರು. ಲಾಂಡ್ರಿಯವರು ನಡೆದದ್ದನ್ನು ಹೇಳಿಕೊಂಡರು, ಹೇಗಾದರೂ ಈಗಲೇ ತಮ್ಮದನ್ನು ಬರೆದು ಮುಗಿಸಿ ಎಂದು ಬೇಡಿಕೊಂಡರು. ವಕೀಲರು ಕ್ಯಾಲ್ಕುಲೇಟರು ಒತ್ತಿ, ಕುರ್ಚಿಗೆ ಒರಗಿದರು.

"ನಿಮಗೆ ಬರಬೇಕಾದ್ದು ಮೂವತ್ತೊಂದು ಸಾವಿರ ಇದೆ. ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ಅದು ಬರೋ ದುಡ್ಡಲ್ಲ ಸರ್."

"ಬರಲಿ ಬಿಡಲಿ, ಅದು ನಿಮ್ಮ ಆಸ್ತಿ. ಹತ್ತು ಜನ ಸಹಿ ಹಾಕಿ ಒಪ್ಕೊಂಡಿದ್ದಾರೆ. ಇದನ್ನ ಬಚ್ಚಿಟ್ಟು ನಾನು ಅರ್ಜಿ ಹಾಕೋಕಾಗಲ್ಲ. ಮೊದಲು ವಸೂಲಿ ಮಾಡಿ. ಆಗಲ್ಲ ಅಂದ್ರೆ ಆಗಲ್ಲ ಅಂತ ತೋರ್ಸಿ."

ಸಾಲ ತೀರಿಸಲು ಆಗದೆ ಬಂದವರಿಗೆ ಸಾಲ ವಸೂಲಿಯ ಕೆಲಸ ಗಂಟುಬಿತ್ತು. ಲಾಂಡ್ರಿಯವರ ಕಣ್ಣ ಮುಂದೆ ಬ್ಯಾಂಕಿನವರು ಹೆಂಡತಿಯ ಬೀರು ಎಣಿಸುವುದು ಕಾಣಿಸಿತು. ಒಂದು ಕ್ಷಣಕ್ಕೆ ಅವರಿಗೆ ನಿಜವಾಗಿಯೂ ಸಿಟ್ಟು ಬಂತು. ಈವತ್ತು ನೇರ ಆಡಿಟರ ಬಾಗಿಲಿಗೇ ಹೋಗುತ್ತೇನೆ, ಸಹಿ ತೋರಿಸಿ ಕೇಳುತ್ತೇನೆ ಎಂದುಕೊಂಡು ಎದ್ದು ಬಾಗಿಲು ತೆಗೆದರು.

ಆಡಿಟರು ಹೊರಗಿನ ಬೆಂಚಿನ ಮೇಲೆಯೇ ಕೂತಿದ್ದರು. ಪಕ್ಕದಲ್ಲಿ ಟೀಚರಮ್ಮ. ಆಚೆ ನಾಯಿಯವರು. ಬೆಂಚು ಸಾಲದೆ ಉಳಿದವರು ಗೋಡೆಗೆ ಒರಗಿ ನಿಂತಿದ್ದರು. ಲಾಂಡ್ರಿಯವರು ಸಹಿಯ ಮಾತು ಬಿಟ್ಟು, ನೀವಿಲ್ಲಿ ಯಾಕೆ ಸರ್ ಎಂದು ಕೇಳಿದರು.

"ನೀವು ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ಮತ್ತೊಂದು ಸಲ ಕೂಡಿ ನೋಡಿದ್ವಿ," ಎಂದರು ಆಡಿಟರು ಮೆಲ್ಲಗೆ. "ಒಂದು ಮನೇಲೂ ಬರೋದು ಹೋಗೋದಕ್ಕೆ ಸಾಕಾಗ್ತಿಲ್ಲ. ನಲವತ್ತು ವರ್ಷ ಊರಿನೋರ ಲೆಕ್ಕ ನೋಡ್ದೆ. ನನ್ನದು ನೋಡಿದ್ದು ಇವತ್ತೇ." ಮೇಜಿನ ಮೇಲೆ ಉಳಿದ ಖಾಲಿ ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಪಾಪರ್ ಅರ್ಜಿ ಎಂದೂ ವಕೀಲರ ವಿಳಾಸವೂ ಇತ್ತಂತೆ. ಎಲ್ಲರೂ ಕೂಡಿಯೇ ಪಾಪರ್ ಚೀಟಿ ತೆಗೆದುಕೊಳ್ಳುವುದೆಂದು ಟೀಚರಮ್ಮ ಸೂಚಿಸಿದ್ದರಂತೆ.

ಸದ್ದು ಕೇಳಿ ವಕೀಲರು ಹೊರಗೆ ಬಂದರು. ಹತ್ತು ಹೊಸ ಕಕ್ಷಿದಾರರನ್ನು ಕಂಡು ಅವರ ಮುಖ ಹೊಸ ಬಲ್ಬು ಹಾಕಿದ ಹಾಗಾಯಿತು. ಲಾಂಡ್ರಿಯವರ ಭುಜ ಹಿಡಿದು ಪಕ್ಕಕ್ಕೆ ಕರೆದು, ಈ ಹತ್ತೂ ಅರ್ಜಿಯಲ್ಲಿ ಸಾಲ ಕೊಟ್ಟವರೆಂದು ನಿಮ್ಮ ಹೆಸರು ಬರುತ್ತದೆ, ಪ್ರತಿ ವಾಯಿದೆಗೂ ಕೋರ್ಟಿಗೆ ಬರಬೇಕಾಗುತ್ತದೆ, ಇವರದೆಲ್ಲ ಇತ್ಯರ್ಥವಾಗುವವರೆಗೆ ನಿಮ್ಮ ಸ್ವಂತ ಅರ್ಜಿಯನ್ನು ಮುಟ್ಟುವ ಹಾಗಿಲ್ಲ ಎಂದು ತಿಳಿಸಿ ಒಳಗೆ ಹೋದರು.

ಆಡಿಟರು ಜರುಗಿ ಲಾಂಡ್ರಿಯವರಿಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.

"ಕೂತ್ಕೊಳ್ಳಿ. ಇಂಥ ಹೊತ್ತಲ್ಲಿ ನಿಮ್ಮಂಥ ಅನುಕೂಲಸ್ಥರು ಒಬ್ಬರು ಜೊತೆಗಿದ್ರೆ ಎಷ್ಟೋ ಧೈರ್ಯ," ಎಂದರು. ಆಮೇಲೆ ಅವರ ಕಿವಿಯ ಹತ್ತಿರ ಬಗ್ಗಿ ದನಿ ತಗ್ಗಿಸಿದರು. "ಕೋರ್ಟ್ ಫೀಸಿಗೆ ಇನ್ನೂರು ಕಡಿಮೆ ಬಿದ್ದಿದೆ. ವಕೀಲರು ಹೇಳಿದ್ದು ಕೇಳಿಸ್ತು, ಹೇಗೂ ನಿಮ್ಮ ಹೆಸರು ಸಾಲ ಕೊಟ್ಟೋರ ಪಟ್ಟೀಲಿ ಇದ್ದೇ ಇದೆಯಲ್ಲ, ಅದರ ಜೊತೆಗೇ ಸೇರಿಸಿಬಿಡಿ."