ಒಂದು ಹನಿ ಚಹಾ

ಬ್ರೇಕ್ ತುಳಿದಾಗಲೆಲ್ಲ ಗೌರೀಶ ಮಾಸ್ತರರ ಕಾರಿನ ಸ್ಟೇರಿಂಗು ಗಡಗಡ ನಡುಗುತ್ತಿತ್ತು. ಸೆಕೆಂಡ್ ಹ್ಯಾಂಡ್ ಆದರೇನು, ಕುಷ್ಟಗಿಯ ಆ ಓಣಿಗೆ ಅದೊಂದೇ ಕಾರು. ಮಾಸ್ತರರ ಹೆಮ್ಮೆ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ.

"ಗಾಲಿ ಬ್ಯಾಲೆನ್ಸ್ ತಪ್ಪೇತಿ, ಅಷ್ಟ. ವಿಜ್ಞಾನ ಕಲಸಾಂವ ನಾನು, ನನಗ ಗೊತ್ತಾಗೂದಿಲ್ಲೇನು?" ಎಂದು ಎರಡು ಸಲ ಬ್ಯಾಲೆನ್ಸ್ ಮಾಡಿಸಿದರು. ನಡುಕ ಜಪ್ಪಯ್ಯ ಅನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಎದುರುಮನೆಯ ಪಕ್ಕೀರಪ್ಪ ಕೆಣಕಿದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ಕೈ ತುರಿಸುತ್ತಿತ್ತು.

"ಮಾಸ್ತರ, ಸಂಜಿಗೆ ಒಂದ್ ಪರೀಕ್ಷಾ ಇಡೂಣ್ರಿ. ಸ್ಟೇರಿಂಗ್ ಮುಂದ ಮುಕ್ಕಾಲು ಕಪ್ ಚಹಾ ಇಟ್ಟು ಬ್ರೇಕ್ ಹಾಕ್ರಿ. ಒಂದು ಹನಿ ಚೆಲ್ಲಿದ್ರೂ ನಾಳಿಂದ ಸಾಲಿಗೆ ಕಾರು ನಾ ಓಡಸ್ತೀನಿ, ನೀವು ಹಿಂದ ಕುಂಡ್ರಬೇಕು."

"ಆಗ್ಲಿ!" ಅಂದರು ಮಾಸ್ತರರು. ಅಂದವರೇ ಸದ್ದಿಲ್ಲದೆ ಗಂಗಾವತಿಯ ಮೆಕ್ಯಾನಿಕ್ ಉಮರಸಾಬನ ಹತ್ತಿರ ಓಡಿದರು.

ಉಮರಸಾಬ ಒಂದು ಸುತ್ತು ಓಡಿಸಿ ನಕ್ಕ. "ಬ್ಯಾಲೆನ್ಸ್ ತಪ್ಪಿದ್ರ ಓಡುವಾಗೂ ನಡಗಬೇಕಿತ್ತು ಸಾರ್. ಇದು ಬ್ರೇಕ್ ತುಳದಾಗಷ್ಟ ನಡಗತೈತಿ. ಗಾಲಿ ಒಳಗಿನ ಬ್ರೇಕ್ ತಟ್ಟಿ, ಡಿಸ್ಕ್ ಅಂತಾರಲ್ಲ, ಅದು ಸೊಟ್ಟಾಗೇತಿ." ಮುಂದಿನ ಗಾಲಿ ಬಿಚ್ಚಿ ತೋರಿಸಿದ. "ಬ್ರೇಕ್ ಹಾಕಿ ಕಾದ ಡಿಸ್ಕಿಗೆ ತಣ್ಣೀರು ಬಿದ್ರ ಹಿಂಗಾಗತೈತಿ. ಹಾಕೀರೇನ್ರಿ?"

"ನಾನಾ? ವಾರಕ್ಕೊಮ್ಮೆ, ಮುಂಜಾನೆ, ಗಾಡಿ ಪೂರಾ ತಣ್ಣಗಿದ್ದಾಗ ತೊಳ್ಯಾಂವ ನಾನು!"

ಉಮರಸಾಬ ಲೇಥಿಗೆ ಹಚ್ಚಿ ಎರಡೂ ಡಿಸ್ಕ್ ಹೆರೆದು ಸಪಾಟು ಮಾಡಿದ. "ಇದ ಕಡೀ ಸಲರಿ. ಇನ್ನೊಮ್ಮೆ ಹೆರದ್ರ ಸಜ್ಜಿ ರೊಟ್ಟಿ ಹಂಗ ತೆಳ್ಳಗಾಗತಾವು."

ಸಂಜೆ ಇಡೀ ಓಣಿ ನೆರೆಯಿತು. ಮಾಸ್ತರರು ಮೂರು ಸುತ್ತು ಹೊಡೆದು, ಹತ್ತು ಸಲ ಬ್ರೇಕ್ ಹಾಕಿ, ಮನೆಯ ಮುಂದೆ ತಂದು ನಿಲ್ಲಿಸಿದರು. ಚಹಾ ಕೆನೆಗಟ್ಟಿ ಕೂತಿತ್ತು. ಪಕ್ಕೀರಪ್ಪ ಕನ್ನಡಕ ಒರೆಸಿಕೊಂಡು ನೋಡಿದ, ಒಂದು ಹನಿಯೂ ಚೆಲ್ಲಿಲ್ಲ.

"ಭಲೆ ಮಾಸ್ತರ!" ಅಂದಳು ಪಕ್ಕದ ಮನೆಯ ನೂರಜಾನಬಿ.

ಮಾಸ್ತರರು ಎದೆ ಉಬ್ಬಿಸಿ ಇಳಿದು, ಕಾರಿಗೆ ಬೆನ್ನು ಮಾಡಿ ಭಾಷಣ ಶುರು ಮಾಡಿದರು. "ಮೊದಲ ಡಿಸ್ಕ್ ಅಂದ್ರೇನು ಅಂತ ತಿಳ್ಕೊಬೇಕು..."

ಹಿಂದೆ 'ಛೊಂಯ್' ಅಂತು. ಮತ್ತೊಮ್ಮೆ 'ಛೊಂಯ್' ಅಂತು.

ತಿರುಗಿ ನೋಡಿದರೆ ಮುಂದಿನ ಗಾಲಿಗಳಿಂದ ಹಬೆ ಏಳುತ್ತಿದೆ. ತಾಯಿ ಶಿವಲಿಂಗಮ್ಮ ಎರಡು ಖಾಲಿ ಕೊಡ ಹಿಡಿದು ನಿಂತಿದ್ದಾಳೆ.

"ಯವ್ವಾ! ಏನ್ ಮಾಡಿದಿ?"

"ದೃಷ್ಟಿ ತಗದೆಪಾ. ದಿನಾ ನೀ ಸಾಲಿಯಿಂದ ಬಂದು ಒಳಗ ಹೋದ ಕೂಡ್ಲೆ ಗಾಲಿಗೆ ಒಂದೊಂದು ತಂಬಿಗಿ ನೀರು ಹಾಕ್ತೀನಿ. ಇವತ್ತ ಇಡೀ ಓಣಿ ಕಣ್ಣು ಬಿದ್ದಾವು, ಅದಕ್ಕ ಒಂದೊಂದು ಕೊಡ."

ಅವಳ ಮುಖದ ತುಂಬ ಮಗನ ಹೆಮ್ಮೆ. ಮಾಸ್ತರರು ಬೈಯದೆ ಅವಳ ಕೈಯಿಂದ ಕೊಡ ಇಸಿದುಕೊಂಡರು.

ಪಕ್ಕೀರಪ್ಪ ಹಬೆಯನ್ನೇ ನೋಡುತ್ತಿದ್ದ. ಬಸ್ಸು ಓಡಿಸಿದವನಿಗೆ ಹೇಳಿಕೊಡಬೇಕೆ? "ಮಾಸ್ತರ, ಕಣ್ಣು ಸರಿ ಕಾಣಲಿಲ್ರಿ. ಇನ್ನೊಂದ ಸುತ್ತು ಹೊಡದು ಬರ್ರಿ."

ಮರುದಿನ ಬೆಳಿಗ್ಗೆ ಪಕ್ಕೀರಪ್ಪ ಹಳೆಯ ಖಾಕಿ ಅಂಗಿ ತೊಟ್ಟು ಸ್ಟೇರಿಂಗ್ ಹಿಡಿದು ಹಾರ್ನ್ ಹೊಡೆದ. ಹಿಂದಿನ ಸೀಟಿನಲ್ಲಿ ಮಾಸ್ತರರು ಚೀಲ ಅಪ್ಪಿಕೊಂಡು ಕೂತಿದ್ದರು.

ಬಾಗಿಲಲ್ಲಿ ನಿಂತ ಶಿವಲಿಂಗಮ್ಮ ನೂರಜಾನಬಿಯನ್ನು ಕರೆದು ತೋರಿಸಿದಳು.

"ನೋಡವಾ, ನನ್ನ ಮಗ ಡ್ರೈವರ್ ಇಟ್ಟಾನ! ಸಂಜಿಗೆ ಎರಡು ಕೊಡ ಸಾಲೂದಿಲ್ಲ, ನಿಮ್ಮನಿ ಕೊಡಾನೂ ತುಂಬಿಸಿ ಇಡು."